ಪಾರ್ವತಿಬಾಯಿಯ ಪುಂಡಿಪಲ್ಲೆ

ಮಿಯಾಪುರದ ಆ ಒಂಬತ್ತನೇ ಮಹಡಿಯ ಮನೆಯಲ್ಲಿ ಶಿವದೇವಿ ಆರು ವರ್ಷದಿಂದ ಅಡುಗೆಯವಳು. ಸೇರುವಾಗ ಮನೆಯೊಡತಿ ನಳಿನಿಯ ಅತ್ತೆ ‘ನೀವು ಯಾವ ಜನ?’ ಎಂದಿದ್ದಕ್ಕೆ ಹಣೆಯ ವಿಭೂತಿ ತೋರಿಸಿ ನಕ್ಕಿದ್ದಳು. ರಾಯಚೂರು ಸೀಮೆಯ ಊರಾಚೆಯ ಕೇರಿಯವಳೆಂದರೆ ಒಲೆಯ ಹತ್ತಿರ ಯಾರು ಬಿಡುತ್ತಾರೆ? ಬಾಯಿ ಬಿಟ್ಟರೆ ಬಣ್ಣಗೇಡು. ಆ ಸುಳ್ಳಿನ ಮೇಲೆಯೇ ಅವಳ ಮನೆ ನಡೆಯುತ್ತಿತ್ತು.

ಆ ಭಾನುವಾರ ನಳಿನಿಯ ಮನೆಯಲ್ಲಿ ಓದುವ ಗೆಳತಿಯರ ಕೂಟ. ಈ ವರ್ಷ ಓದಲೇಬೇಕಾದ ಹೊಸ ಪುಸ್ತಕಗಳ ಪಟ್ಟಿಯಿಂದ ಅವರು ಆರಿಸಿದ್ದು ಊಟ ಮತ್ತು ಜಾತಿಯ ಬಗ್ಗೆ ಬಂದ ಒಂದು ಇಂಗ್ಲಿಷ್ ಪುಸ್ತಕ. ಮೈಸೂರಿನ ನಳಿನಿ ಒಳ್ಳೆಯವಳು, ಓದುತ್ತಾ ಎರಡು ಸಲ ಅತ್ತಿದ್ದಳಂತೆ. ಪುಸ್ತಕ ಓದಿ ಅತ್ತರೆ ಮೈಲಿಗೆಯೇನೂ ತಟ್ಟುವುದಿಲ್ಲವಲ್ಲ.

‘ಇದರಲ್ಲಿರೋ ಒಂದು ಅಡುಗೇನೇ ಇವತ್ತು ಮಾಡೋಣ. ಮಾಂಸದ ಬದಲು ಸೋಯಾ ಹಾಕು’ ಎಂದು ಪುಟ ತೆರೆದು ಕಟ್ಟೆಯ ಮೇಲಿಟ್ಟಳು.

ಪುಟದ ಫೋಟೊದಲ್ಲಿ ಶಿವದೇವಿಯ ಅವ್ವ ಪಾರ್ವತಿಬಾಯಿ ಕೂತಿದ್ದಳು. ಮೂರು ಕಲ್ಲಿನ ಒಲೆಯ ಮುಂದೆ, ಹೊಗೆಗೆ ಕಣ್ಣು ಕಿರಿದಾಗಿಸಿಕೊಂಡು ನಗುತ್ತಾ. ಯಾರೋ ಓದಿದವರು ಬಂದು ಅಡುಗೆ ಬರೆದುಕೊಂಡು ಹೋದರೆಂದು ಹಿಂದೊಮ್ಮೆ ಫೋನಿನಲ್ಲಿ ಹೇಳಿದ್ದಳು. ಅವಳು ಸತ್ತು ವರ್ಷವಾಯಿತು. ಆಧಾರ್ ಕಾರ್ಡ್ ಬಿಟ್ಟರೆ ಮಗಳ ಹತ್ತಿರ ಅವಳದೊಂದು ಫೋಟೊ ಇಲ್ಲ.

‘ನಿಮ್ಮ ರಾಯಚೂರು ಕಡೆಯವರೇ. ಪರಿಚಯ ಇದೆಯಾ?’ ಎಂದಳು ನಳಿನಿ.

‘ಇಲ್ರೀ ಅಕ್ಕಾರ. ಅಂಥಾ ಮಂದಿ ಕೂಡ ನಮ್ದೇನೂ ಬಳಕಿ ಇಲ್ರಿ.’

ಹೆತ್ತವಳನ್ನು ಅವಳ ಮುಖದೆದುರೇ ಅಲ್ಲವೆಂದೆನಲ್ಲ ಎಂದುಕೊಂಡಳು.

ನಳಿನಿ ಓದಿ ಹೇಳುತ್ತಾ ಹೋದಳು. ಒಣಗಿಸಿದ ಮಾಂಸವನ್ನು ಬಿಸಿನೀರಿನಲ್ಲಿ ನೆನೆಸಬೇಕು, ಪುಂಡಿಸೊಪ್ಪು, ಜೋಳದ ನುಚ್ಚು ಹಾಕಿ ಬೇಯಿಸಬೇಕು. ಶಿವದೇವಿಯ ಕಣ್ಣು ಫೋಟೊ ಬಿಟ್ಟು ಕದಲಲಿಲ್ಲ. ಕೈ ತನ್ನ ಪಾಡಿಗೆ ಸೋಯಾ ತುಂಡುಗಳನ್ನು ಒಣ ಹೆಂಚಿನ ಮೇಲೆ ಸುಟ್ಟು, ಕುಟ್ಟಾಣಿಯಲ್ಲಿ ಜಜ್ಜಿ, ಆಮೇಲೆ ನೀರಿಗೆ ಹಾಕಿತು. ಅವ್ವ ಒಣಮಾಂಸವನ್ನು ಕೆಂಡದ ಮೇಲೆ ಸುಟ್ಟು, ಕಲ್ಲಿನಿಂದ ಜಜ್ಜಿಯೇ ನೆನೆಹಾಕುತ್ತಿದ್ದಳು.

ನಳಿನಿಯ ಓದು ನಿಂತಿತು.

‘ಸುಟ್ಟು ಜಜ್ಜಬೇಕು ಅಂತ ಇದರಲ್ಲಿದೆ. ಸೋಯಾಕ್ಕೆ ಯಾಕೆ ಅಂತ ಆ ಸಾಲು ನಾನು ಓದಲೇ ಇಲ್ಲ. ನಿನಗೆ ಹೇಗೆ ಗೊತ್ತಾಯ್ತು?’

ಆರು ವರ್ಷ ಬಾಯಿ ಕಟ್ಟಿದ್ದಳು ಶಿವದೇವಿ. ಕೈ ಕಟ್ಟಲಾಗಿರಲಿಲ್ಲ.

ನಳಿನಿ ಫೋಟೊ ನೋಡಿದಳು, ಇವಳ ಮುಖ ನೋಡಿದಳು. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಅತ್ತೆಯ ಕೋಣೆಯ ಕಡೆ ತಿರುಗಿ ದನಿ ತಗ್ಗಿಸಿದಳು.

‘ನನಗೇನೂ ಇಲ್ಲ ಶಿವದೇವಿ, ನಿಜವಾಗ್ಲೂ. ಅತ್ತೆಗೆ ಗೊತ್ತಾದರೆ ಕಷ್ಟ. ಇವತ್ತು ಹೊರಗಿಂದ ತರಿಸ್ಕೋತೀನಿ. ನಾಳೆ ಬರಬೇಡ, ನಾನೇ ಫೋನ್ ಮಾಡ್ತೀನಿ.’

ಬೆಲ್ ಆಯಿತು. ಗೆಳತಿಯರು ಒಳಗೆ ಬಂದರು, ಎಲ್ಲರ ಕೈಯಲ್ಲೂ ಅದೇ ಪುಸ್ತಕ. ಶಿವದೇವಿ ಚಪ್ಪಲಿ ಮೆಟ್ಟುತ್ತಿದ್ದಾಗ ಅವರಲ್ಲೊಬ್ಬಳು, ‘ಆ ಪಾರ್ವತಿಬಾಯಿ ಮುಖ ನೋಡಿದ್ರಾ, ನನಗೆ ನಿದ್ದೇನೇ ಬರಲಿಲ್ಲ’ ಎನ್ನುತ್ತಿದ್ದಳು.

ಆಕಿ ನಮ್ಮವ್ವ ಎಂದು ಈಗ ಹೇಳಬಹುದಿತ್ತು. ಶಿವದೇವಿ ಬಾಗಿಲು ಎಳೆದುಕೊಂಡು ಹೊರಟಳು. ಅವ್ವನನ್ನೇ ಕೊಟ್ಟು ಉಳಿಸಿಕೊಂಡ ಕೆಲಸ ಒಂದು ತಾಸೂ ಬಾಳಲಿಲ್ಲ.