ಸೋಮವಾರದ ಬಾಣಲೆ

ನಾನು ಒಂದು ಕಬ್ಬಿಣದ ಬಾಣಲೆ. ಕೊಪ್ಪಳದ ಕಡೆಯ ಒಂದು ಕೂಡುರಸ್ತೆಯ ಪಕ್ಕದ ಕುಲುಮೆಯಲ್ಲಿ ಹುಟ್ಟಿದೆ. ಯಾರದೋ ಹಳೆಯ ನೀರಿನ ಟ್ಯಾಂಕರು ತುಕ್ಕು ಹಿಡಿದು ಮೂಲೆಗೆ ಬಿದ್ದಿತ್ತು. ಅದರಲ್ಲಿ ಇನ್ನೂ ಗಟ್ಟಿಯಾಗಿ ಉಳಿದಿದ್ದ ತಗಡನ್ನು ಕಮ್ಮಾರ ಮೌನೇಶಪ್ಪ ದುಂಡಗೆ ಕತ್ತರಿಸಿಕೊಂಡ. ಕೆಂಪಗೆ ಕಾಯಿಸಿ, ನೆಲದಲ್ಲಿ ತೋಡಿದ ಗುಣಿಯ ಮೇಲಿಟ್ಟು, ನಟ್ಟನಡುವಿನಿಂದ ಹೊರಕ್ಕೆ ಸುತ್ತುತ್ತ ಬಡಿದ. ಪೆಟ್ಟು ಬಿದ್ದಷ್ಟೂ ನಾನು ತಗ್ಗಾಗುತ್ತ ಹೋದೆ. ಸಂಜೆಗೆ ಎರಡು ಕಿವಿ ಬೆಸೆದು, ನೀರಿಗೆ ಅದ್ದಿ ಗೋಡೆಗೆ ಒರಗಿಸಿದ. ಆ ನೀರು ಆರುವ ಮೊದಲೇ ನನ್ನನ್ನು ಕೊಂಡವನು ಇಮಾಮಸಾಬ.

ಇಮಾಮಸಾಬನದು ಅದೇ ಕೂಡುರಸ್ತೆಯಲ್ಲಿ ಮಿರ್ಚಿ ಭಜಿಯ ತಳ್ಳುಗಾಡಿ. ಬಸ್ಸು ಇಳಿದವರು, ಹತ್ತಬೇಕಾದವರು, ಸುಮ್ಮನೆ ನಿಂತವರು ಎಲ್ಲರೂ ಗಾಡಿಯ ಸುತ್ತ ಸೇರುತ್ತಿದ್ದರು. ಎಣ್ಣೆ ಕರ್ರಗಾಗಿರುವುದು ಎಲ್ಲರಿಗೂ ಕಾಣುತ್ತಿತ್ತು. ಅದನ್ನು ಬೈಯುತ್ತಲೇ ತಿನ್ನುತ್ತಿದ್ದರು.

"ಇಮಾಮಣ್ಣಾ, ಒಂದು ಪ್ಲೇಟ್ ಎದಿಉರಿ ಹಾಕಪಾ."

"ಎದಿಉರಿ ಮುಗದೈತಿ. ಹೊಟ್ಟಿನೋವು ಬಿಸಿಬಿಸಿ ಐತಿ, ಕೊಡ್ಲೇನು?"

ನಗುತ್ತಿದ್ದರು. ಭಜಿಯನ್ನು ಹಳೆಯ ಪೇಪರಿನಲ್ಲಿ ಒತ್ತಿ ಎಣ್ಣೆ ಹಿಂಡಿ, ಆ ಪೇಪರನ್ನು ಬೆಳಕಿಗೆ ಹಿಡಿದು ತೋರಿಸಿ ಮತ್ತೆ ನಗುತ್ತಿದ್ದರು. ಮನೆಯಲ್ಲಿ ಹೇಳಬೇಡಿ ಎನ್ನುತ್ತಿದ್ದರು. ಇನ್ನೊಂದು ತಿನ್ನುವ ಮೊದಲು ಕೈ ತಡೆಯುತ್ತಿತ್ತು. ತಾವು ತಿನ್ನುತ್ತಿರುವುದು ಏನೆಂದು ತಿಂದವರಿಗೆಲ್ಲ ಗೊತ್ತಿತ್ತು.

ರಸ್ತೆ ಅಗಲ ಮಾಡಿದಾಗ ಬಸ್ಸು ನಿಲ್ಲುವ ಜಾಗ ಊರಾಚೆಗೆ ಹೋಯಿತು. ಇಮಾಮಸಾಬನಿಗೂ ಮೊಣಕಾಲು ಹಿಡಿಯುತ್ತಿತ್ತು. ಗಾಡಿ ಬಿಚ್ಚಿ, ನನ್ನನ್ನು ಮಾರಲು ತೆಗೆದ. ನೋಡಲು ಬಂದವಳು ಅದೇ ಊರಿನ ಅಂದಾನೆವ್ವ.

"ಇದರಾಗ ಉಳ್ಳಾಗಡ್ಡಿ, ಬಳ್ಳೊಳ್ಳಿ ಎಲ್ಲಾ ಕರದೀ. ನನಗ ಉಪವಾಸದ ಫಳಾರ ಕರಿಯೂದೈತಿ," ಎಂದು ಅವಳು ಮುಖ ಸಿಂಡರಿಸಿದಳು.

"ಬೂದಿ ಹಾಕಿ ತಿಕ್ಕ ಬೇ. ಕಬ್ಬಿಣ ಯಾ ಮಡಿವಂತ್ರ ಮನ್ಯಾಗರ ಕುಂದರತೈತಿ," ಎಂದ ಇಮಾಮಸಾಬ.

ಅಂದಾನೆವ್ವ ನನ್ನನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದಳು. ಸಾಲದೆ, ಹೊಟ್ಟೆಯೊಳಗೆ ಸಗಣಿಯ ಕುಳ್ಳು ಒಟ್ಟಿ ಸುಟ್ಟಳು. ಆಮೇಲೆ ಒಲೆಯ ಮೇಲಿಟ್ಟು ಅರಿಶಿನ ಹಚ್ಚಿದಳು. ಹೀಗೆ ನಾನು ಬೀದಿಯಿಂದ ಒಳಗೆ ಬಂದೆ.

ಅವಳ ಮನೆ ಎರಡು ಕೋಣೆಯದು. ಮುಂದಿನದರಲ್ಲಿ ಗಂಡ ಗವಿಸಿದ್ಧಪ್ಪನ ಹೊಲಿಗೆ ಮಷಿನ್ನು, ಹಿಂದಿನದರಲ್ಲಿ ಒಲೆ. ನಡುವೆ ಒಂದು ತಟ್ಟಿ. ನನಗೆ ಅವನು ಕಾಣುತ್ತಿದ್ದುದು ಕಡಿಮೆ, ಕೇಳುತ್ತಿದ್ದುದು ಹೆಚ್ಚು. ಬರಿಗಾಲಿನಲ್ಲಿ ಪೆಡಲು ತುಳಿಯುತ್ತಿದ್ದ. ಕುಪ್ಪಸಕ್ಕೆ ಒಂದು ನಡಿಗೆ, ಶಾಲೆ ಹುಡುಗರ ಚಡ್ಡಿಯ ದಪ್ಪ ಬಟ್ಟೆಗೆ ಇನ್ನೊಂದು ನಡಿಗೆ. ಒಲೆಯ ಮೇಲೆ ಕೂತೇ ನಾನು ಯಾವ ಬಟ್ಟೆ ಎಂದು ತಿಳಿಯುತ್ತಿದ್ದೆ.

ಗವಿಸಿದ್ಧಪ್ಪ ಸೋಮವಾರ ಊಟ ಮುಟ್ಟುತ್ತಿರಲಿಲ್ಲ. ಚಿಕ್ಕವನಿದ್ದಾಗ ಜ್ವರ ಬಂದು ಕೈಬಿಟ್ಟು ಹೋಗುವಂತಾಗಿದ್ದನಂತೆ. ಮಗ ಉಳಿದರೆ ಜೀವ ಇರುವವರೆಗೂ ಅವನಿಂದ ಸೋಮವಾರದ ಉಪವಾಸ ಹಿಡಿಸುತ್ತೇನೆಂದು ತಾಯಿ ಈಶ್ವರನಿಗೆ ಹರಕೆ ಹೊತ್ತಿದ್ದಳು. ಮಗ ಉಳಿದ. ತಾಯಿ ಹೋದ ಮೇಲೂ ವಾರ ಉಳಿಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಈ ಕಡೆಯ ಜನರಿಗೆ ಊಟ ಬೇರೆ, ಫಳಾರ ಬೇರೆ. ರೊಟ್ಟಿ, ಅನ್ನ, ಸಾರು ಊಟ. ಅದನ್ನು ಮುಟ್ಟಿದರೆ ಉಪವಾಸ ಮುರಿಯಿತು. ಸಾಬಕ್ಕಿ ವಡೆ, ಸಾವೆ ಹಿಟ್ಟಿನ ಚಕ್ಕುಲಿ, ಬೆಲ್ಲದ ಶೇಂಗಾ ಉಂಡೆ ಇವೆಲ್ಲ ಫಳಾರ. ಅದನ್ನು ಎಷ್ಟು ತಿಂದರೂ ಹೊಟ್ಟೆ ಖಾಲಿ ಇದ್ದ ಲೆಕ್ಕವೇ. "ಮುಂಜಾನಿಂದ ಏನೂ ಉಂಡಿಲ್ಲ" ಎಂದು ತುಂಬಿದ ಬಾಯಲ್ಲೇ ಹೇಳುತ್ತಿದ್ದರು. ಅದರಲ್ಲಿ ಸುಳ್ಳು ಇರಲಿಲ್ಲ, ಹಾಗೇ ನಂಬಿದ್ದರು.

ಅಂದಾನೆವ್ವನ ಕೈ ಫಳಾರಕ್ಕೆ ಹೇಳಿ ಮಾಡಿಸಿದ್ದು. ಶ್ರಾವಣದಲ್ಲಿ ಓಣಿಯವರೆಲ್ಲ ಅವಳ ಹತ್ತಿರವೇ ಮಾಡಿಸಿಕೊಳ್ಳುತ್ತಿದ್ದರು. ಸುದ್ದಿ ಪೇಟೆಗೂ ಮುಟ್ಟಿತು. ಪರಪ್ಪ ಎಂಬ ಅಂಗಡಿಕಾರ ಮೋಟಾರು ಸೈಕಲ್ಲಿನಲ್ಲಿ ಬಂದು ಒಲೆಯ ಮುಂದೆಯೇ ಕುಕ್ಕರಗಾಲಲ್ಲಿ ಕೂತ.

"ಭಜಿ, ವಡಾಪಾವ್ ತಿಂದು ಮಂದಿ ಕೆಟ್ಟು ಹೋಗ್ಯಾರಕ್ಕಾ. ಇದು ಸಾವಿ. ಸಿರಿಧಾನ್ಯ. ಚಕ್ಕಲಿ, ಉಂಡಿ ನೀ ಮಾಡಿ ಕೊಡು, ಪಾಕೀಟು ನಾ ಮಾಡ್ಕೋತೀನಿ."

ಮುಂದಿನ ಸಲ ಬಂದಾಗ ಪಾಕೀಟು ತಂದ. ಅದರ ಮೇಲೆ ಒಂದು ಹಸಿರು ಎಲೆ, ಪಕ್ಕದಲ್ಲಿ ನಗುವ ಮುದುಕ. ಗವಿಸಿದ್ಧಪ್ಪ ಮಷಿನ್ನು ನಿಲ್ಲಿಸಿ ತಟ್ಟಿಯ ಈಚೆ ಬಂದು, ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ: "ಸಕ್ಕರೆ ರಹಿತ. ಹಗುರ. ಮಧುಮೇಹಿಗಳಿಗೂ ಹಿತ." ಓದಿ ಹೆಂಡತಿಯ ಕಡೆ ನೋಡಿದ. "ಏ, ನಿನ್ನ ಉಂಡಿ ಡಾಕ್ಟರ್ ಆಗ್ಯಾವ ನೋಡು!" ಅಂದಾನೆವ್ವ ನಾಚಿ ಸೆರಗಿನಿಂದ ಬೆವರು ಒರೆಸಿಕೊಂಡಳು. ಅವಳ ಕೈಯ ತಿಂಡಿಗೆ ಅಚ್ಚಿನಲ್ಲಿ ಗೌರವ ಸಿಕ್ಕಿದ್ದು ಅದೇ ಮೊದಲು.

ನನ್ನ ಹೊಟ್ಟೆಗೆ ಮಾತ್ರ ಬೇರೆ ಸಂಗತಿ ಗೊತ್ತಿತ್ತು. ಮಿರ್ಚಿಯ ಮೇಲಿನ ಕಡಲೆಹಿಟ್ಟು ಬಿಗಿಯಾಗಿ ನಿಲ್ಲುತ್ತದೆ, ಎಣ್ಣೆ ಹೊರಗೇ ಉಳಿಯುತ್ತದೆ. ಸಾವೆ ಹಿಟ್ಟಿಗೆ ಜಿಗಿ ಇಲ್ಲ. ಒಡೆಯದಿರಲಿ ಎಂದು ಅಂದಾನೆವ್ವ ಹಿಟ್ಟಿಗೇ ಕಾದ ಎಣ್ಣೆ ಸುರಿದು ಕಲೆಸುತ್ತಿದ್ದಳು. ಆ ಚಕ್ಕುಲಿ ನನ್ನೊಳಗೆ ಬಿದ್ದು, ಸಣ್ಣ ಸಣ್ಣ ಬಾಯಿ ತೆರೆದು ಕುಡಿಯುತ್ತಿತ್ತು. ಇಮಾಮಸಾಬ ಎಂದೂ ನನಗೆ ಅಷ್ಟು ಸಲ ಎಣ್ಣೆ ತುಂಬಿದವನಲ್ಲ. "ಹೊಗಿಯಾಗಿ ಹೋಗತೈತಿ ನೋಡು, ಹಾಳಾದ್ದು," ಎಂದು ಅಂದಾನೆವ್ವ ಡಬ್ಬಿ ಬಗ್ಗಿಸುತ್ತಿದ್ದಳು. ಹೊಗೆಯಾಗಿ ಹೋಗುತ್ತಿರಲಿಲ್ಲ.

ಹೀಗಿರುವಾಗ ಊರ ಶಾಲೆಯಲ್ಲಿ ಆರೋಗ್ಯ ತಪಾಸಣೆ ನಡೆಯಿತು. ಗವಿಸಿದ್ಧಪ್ಪನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಅನ್ನ ಕಡಿಮೆ ಮಾಡು, ಊಟದ ನಂತರ ಈ ಗುಳಿಗೆ ತಗೋ ಎಂದು ಹೇಳಿ ಕಳಿಸಿದ್ದರು. ಅವನು ಒಲೆಯ ಹತ್ತಿರ ಕೂತು ತನ್ನದೇ ಒಂದು ದಾರಿ ಕಂಡುಕೊಂಡ.

"ಅನ್ನ ಕಡಿಮಿ ಮಾಡು ಅಂದಾರ. ನಾ ಊಟಾನ ಬಿಡತೀನಿ. ಸೋಮಾರದ ಜೋಡಿ ಗುರುವಾರ, ಶನಿವಾರನೂ ಹಿಡಿತೀನಿ. ಸಕ್ರಿ ಹೆಂಗ ಇಳಿಯೂದಿಲ್ಲ ನೋಡೂಣು."

"ಮತ್ತ ಗುಳಿಗಿ?"

"ಊಟ ಆದಮ್ಯಾಲ ತಗೋ ಅಂದಾರ. ಊಟನ ಇಲ್ಲಂದಮ್ಯಾಲ ಗುಳಿಗಿ ಎಲ್ಲಿಂದ ಬಂತು?"

ಅಂದಾನೆವ್ವನಿಗೂ ಅದು ಸರಿ ಕಂಡಿತು. ದೇವರೂ ಮೆಚ್ಚುವ, ಡಾಕ್ಟರೂ ಮೆಚ್ಚುವ ಮದ್ದು. ವಾರದ ಮೂರು ದಿನ ಅವನು ಬರೀ ಹೊಟ್ಟೆಯಲ್ಲಿ ಕೆಲಸ ಮಾಡುತ್ತಾನಲ್ಲ ಎಂದು ಮರುಗುತ್ತಿದ್ದಳು. ಅದಕ್ಕೇ ತಾಟು ತುಂಬ ಹಾಕುತ್ತಿದ್ದಳು. "ಇನ್ನೊಂದು ಉಂಡಿ ತಗೋರಿ. ಸಕ್ರಿ ಮುಟ್ಟಿಲ್ಲ, ಬರೇ ಬೆಲ್ಲ ಐತಿ." ಪೇಟೆಗೆ ಹೋಗುವುದರಲ್ಲಿ ಮುರಿದದ್ದು ಅವನಿಗೆ ಎನ್ನುವ ಹೆಂಗಸಲ್ಲ ಅವಳು. ಚೆನ್ನಾಗಿ ಕೆಂಪಗೆ ಬಂದದ್ದನ್ನು ಆರಿಸಿ ಅವನಿಗೆಂದು ತೆಗೆದಿಡುತ್ತಿದ್ದಳು.

ಆ ವರ್ಷದ ಶ್ರಾವಣ ಮುಗಿಯುವ ಹೊತ್ತಿಗೆ ಮಷಿನ್ನಿನ ನಡಿಗೆ ಬದಲಾಯಿತು. ಒಂದು ಗೆರೆ ಹೊಲಿದು ನಿಲ್ಲುವುದು, ಮತ್ತೆ ಹಿಡಿಯುವುದು. ಪಾದದಲ್ಲಿ ಇರುವೆ ಹರಿದಂತಾಗುತ್ತದೆ ಎನ್ನುತ್ತಿದ್ದ. ಆಮೇಲೆ ಅದೂ ಇಲ್ಲ, ಜೋಮು ಹಿಡಿದಂತೆ ಸುಮ್ಮನಿದೆ ಎಂದ. ಒಂದು ಬೆಳಿಗ್ಗೆ ಅಂದಾನೆವ್ವ ಮಷಿನ್ನಿನ ಕೆಳಗೆ ಕಸ ಗುಡಿಸುತ್ತಿದ್ದವಳು ಕೂಗಿದಳು.

"ರೀ! ಪೆಡ್ಲಕ್ಕ ಇದೇನ ಹತ್ತೈತಿ? ಕಾಲು ತೋರಸ್ರಿ!"

ಹೊಲಿಯುವಾಗ ಮುರಿದ ಸೂಜಿಯ ತುಂಡೊಂದು ಎಡಗಾಲಿನ ಕಿರುಬೆರಳ ಬುಡದಲ್ಲಿ ಹೊಕ್ಕು ಕೂತಿತ್ತು. ಎಂದು ಹೊಕ್ಕಿತೋ ಅವನಿಗೇ ತಿಳಿಯದು. ಸುತ್ತ ಕೀವಾಗಿ, ಬೆರಳು ಕಪ್ಪಗಾಗಿತ್ತು. ಅವನು ಆ ಕಾಲಿನಿಂದಲೇ ದಿನಗಟ್ಟಲೆ ತುಳಿದಿದ್ದ. "ನೂಸೂದಿಲ್ಲ ಬಿಡ," ಎಂದ. ನೋಯುವುದಿಲ್ಲ ಎಂಬುದೇ ಅವಳನ್ನು ಹೆದರಿಸಿತು. ಯಾರದೋ ಟಂಟಂ ಗಾಡಿ ಕರೆಸಿ ದವಾಖಾನೆಗೆ ಹೊರಟರು. ನನ್ನೊಳಗಿನ ಎಣ್ಣೆ ಹಾಗೇ ಉಳಿಯಿತು. ಅವರು ಬರುವಷ್ಟರಲ್ಲಿ ಅದರ ಮೇಲೆ ಧೂಳಿನ ಪೊರೆ ಕಟ್ಟಿತ್ತು.

ಎರಡು ಬೆರಳು ತೆಗೆದಿದ್ದರು. ಅಂದಾನೆವ್ವ ಒಲೆ ಹಚ್ಚದೆ ಅದರ ಮುಂದೆ ಕೂತಿದ್ದಾಗ ನೆರೆಮನೆಯ ಸಾವಂತ್ರೆವ್ವ ಬಂದಳು. ರೊಟ್ಟಿ ಪಲ್ಯದ ಬುತ್ತಿ ಇಟ್ಟು, ಪಕ್ಕದಲ್ಲಿ ಕೂತಳು. ಅಂದಾನೆವ್ವ ತಾನಾಗಿ ಹೇಳತೊಡಗಿದಳು.

"'ಏನ್ ತಿಂತಾನವ್ವಾ' ಅಂತ ಡಾಕ್ಟರ್ ಕೇಳಿದ್ರು. 'ಏನೂ ಇಲ್ರಿ, ವಾರದಾಗ ಮೂರು ದಿನ ಉಪಾಸ' ಅಂದೆ. 'ಅಂದ್ರ ಬರೇ ನೀರೇನು?' ಅಂದ್ರು. 'ಇಲ್ರಿ, ಫಳಾರ' ಅಂದೆ. 'ಫಳಾರ ಅಂದ್ರ ಏನೇನು?' ಅಂದ್ರು. ಹೇಳಕೋತ ಹೋದೆ ಸಾವಂತ್ರೆವ್ವಾ. ಸಾಬಕ್ಕಿ ವಡಿ, ಚಕ್ಕಲಿ, ಬೆಲ್ಲದ ಉಂಡಿ, ಮ್ಯಾಲ ಬಾಳಿಹಣ್ಣು... ಹೇಳಕೋತ ಹೇಳಕೋತ ನನ್ನ ಬಾಯಿ ತಾನ ನಿಂತತು. ಡಾಕ್ಟರ್ ಬೈಲಿಲ್ಲ. ಬೈದಿದ್ರ ಚಲೋ ಇತ್ತು."

"ಈಗ ಏನಂತಾರ?"

"ಸಕ್ರಿ ಇಳದ್ರ ಪಾದ ಉಳಿತೈತಿ. ಇಳೀಲಿಲ್ಲಂದ್ರ ಮುಂದಿನ ಸಲ ಹರಡಿಮಟ ಇಡೀ ಪಾದಾನ ತಗಿತಾರ. ಪಾದ ಇಲ್ದ ಅವ್ರು ಮಷಿನ್ ಹೆಂಗ ತುಳೀತಾರ?"

ಸಾವಂತ್ರೆವ್ವ ಬುತ್ತಿಯನ್ನು ಅವಳ ಹತ್ತಿರ ಸರಿಸಿದಳು. ಎದ್ದು ಬಾಗಿಲ ಹತ್ತಿರ ಹೋದವಳು ತಿರುಗಿದಳು. "ನಮ್ಮತ್ತಿಗೂ ಸಕ್ರಿ ಐತಲ್ಲ ಬೇ. ಆಕಿ ನಿನ್ನ ಪಾಕೀಟಿನ ಉಂಡಿ ಬಿಟ್ರ ಬ್ಯಾರೆ ತಿನ್ನೂದನ ಇಲ್ಲ. ಹಿತ ಅಂತ ಬರದಾರಲ್ಲ," ಎಂದಳು. ಆರೋಪ ಮಾಡುವ ದನಿಯಲ್ಲ ಅದು. ಹೆದರಿದ ದನಿ.

ಅದೇ ವಾರ ಪರಪ್ಪ ಬಂದ. ರೋಗಿಗೆಂದು ಮೋಸಂಬಿ ತಂದಿದ್ದ, ಖಾಲಿ ಪಾಕೀಟುಗಳನ್ನೂ ತಂದಿದ್ದ. ಅಂದಾನೆವ್ವ ಮೋಸಂಬಿ ಇಸಿದುಕೊಂಡು, ಪಾಕೀಟನ್ನು ಹಿಂದಕ್ಕೆ ಸರಿಸಿದಳು.

"ಇದರ ಮ್ಯಾಗ ಎಣ್ಣ್ಯಾಗ ಕರದದ್ದು, ಬೆಲ್ಲ ಹಾಕಿದ್ದು ಅಂತ ಬರಸು. ಆ ಮುದುಕನ ಚಿತ್ರ ತಗಿ. ಹಂಗಾದ್ರ ಕರದು ಕೊಡ್ತೀನಿ."

"ಹಂಗ ಬರದ್ರ ಯಾರ ತಗೋತಾರಕ್ಕಾ?" ಪರಪ್ಪ ನಕ್ಕ. "ಕರದದ್ದು ಮಂದಿಗೆ ಕಾಣೂದಿಲ್ಲೇನು? ಕಣ್ಣಿಲ್ಲೇನು ಅವರಿಗೆ?"

"ನನಗ ಕಾಣಲಿಲ್ಲಪಾ. ಕರದಾಕಿ ನಾನ."

ಪರಪ್ಪನ ಕಣ್ಣು ತಟ್ಟಿಯ ಈಚೆಗೆ ಚಾಚಿದ್ದ ಬಟ್ಟೆ ಸುತ್ತಿದ ಕಾಲಿನ ಮೇಲೆ ಬಿತ್ತು. ಪಾಕೀಟು ಎತ್ತಿಕೊಂಡು ಹೋದ. ಬೇರೆ ಯಾವುದೋ ಮನೆಯಲ್ಲಿ ಬೇರೆ ಬಾಣಲೆ ಸಿಕ್ಕಿರಬೇಕು. ಆ ಮುದುಕ ಇನ್ನೂ ನಗುತ್ತಿರಬಹುದು.

ಸೋಮವಾರ ಬಂತು. ಅಂದು ನಾನು ಗೂಟಕ್ಕೆ ತೂಗುತ್ತಿದ್ದೆ. ಅಂದಾನೆವ್ವ ಬಿಳಿಜೋಳದ ರೊಟ್ಟಿ ಬಡಿದಳು, ಹೆಸರುಕಾಳಿನ ಪಲ್ಯ ಮಾಡಿದಳು. ತಾಟು ತಂದು ಗಂಡನ ಮುಂದಿಟ್ಟಳು, ಪಕ್ಕದಲ್ಲಿ ಗುಳಿಗೆ.

"ಇವತ್ತ ಯಾವ ವಾರ ಗೊತ್ತೈತಿಲ್ಲೊ ನಿನಗ?"

"ಗೊತ್ತೈತಿ."

"ನಮ್ಮವ್ವ ಹೊತ್ತ ಹರಕಿ. ಒಂದ ಸಲನೂ ತಪ್ಪಿಲ್ಲ ನಾ. ಈ ಕಾಲು ಹೋದ್ರ ಹೋಗ್ಲಿ, ಇದನ್ನ ಮುರಸಬ್ಯಾಡ. ಫಳಾರ ಬ್ಯಾಡಂದ್ರ ನೀರು ಕುಡದ ಇರತೀನಿ."

"ಬರೇ ನೀರು ಕುಡದ ಇದ್ರ ಗುಳಿಗಿ ತಗೊಳ್ಳಾಕ ಬರೂದಿಲ್ಲ ಅಂತ ಹೇಳ್ಯಾರ. ಕೇಳಿಸಿಕೊಂಡೀರಿ ನೀವೂ."

ಅವನು ಗೋಡೆಯ ಕಡೆ ತಿರುಗಿದ. ಅವಳು ಅಲ್ಲಿಂದ ಏಳಲಿಲ್ಲ. ರೊಟ್ಟಿ ಆರಿತು. ಬೀದಿಯಲ್ಲಿ ಯಾರೋ ಕುಪ್ಪಸ ಕೇಳಿಕೊಂಡು ಬಂದು, ಬಾಗಿಲಲ್ಲಿ ನಿಂತು, ಹಾಗೇ ಹೋದರು. ಕೊನೆಗೆ ಅಂದಾನೆವ್ವ ಮೆಲ್ಲಗೆ ಅಂದಳು.

"ನಿಮ್ಮವ್ವ ನೀವು ಉಳೀಲಿ ಅಂತ ಹರಕಿ ಹೊತ್ತಾಕಿ. ಉಪಾಸ ಉಳೀಲಿ ಅಂತ ಅಲ್ಲ."

ತಾಟು ಸರಿದದ್ದು ಕೇಳಿತು. ಆಮೇಲೆ ರೊಟ್ಟಿ ಮುರಿಯುವ ಸಪ್ಪಳ. ಮೊದಲ ತುತ್ತನ್ನು ಅವನು ತಾಯಿಯ ಫೋಟೋದ ಕೆಳಗೆ ಇಡಿಸಿದ. "ತಪ್ಪಾತು ಯವ್ವಾ," ಎಂದು ತಾನು ತಿಂದ. ಅಳುತ್ತಿದ್ದನೋ, ಪಲ್ಯದ ಖಾರವೋ, ಮೂಗು ಏರಿಸಿಕೊಂಡ. ಗುಳಿಗೆ ನುಂಗಿದ ಮೇಲೆ ಹೇಳಿದ: "ದೇವ್ರಿಗೆ ಏನರ ಒಂದು ಬಿಡಬೇಕಲ್ಲ. ಸೋಮಾರ ಚಾ ಬಿಡ್ತೀನಿ."

"ಎಲ್ಲಾ ವಾರನೂ ಬಿಡ್ರಿ, ಇನ್ನೂ ಚಲೋ ದೇವ್ರು ಮೆಚ್ತಾನ," ಎಂದಳು ಅಂದಾನೆವ್ವ. ಆಸ್ಪತ್ರೆಯಿಂದ ಬಂದ ಮೇಲೆ ಅವನು ನಕ್ಕದ್ದು ಆಗಲೇ.

ಆಮೇಲೆ ನನಗೆ ಒಲೆ ತಪ್ಪಿತು. ಅಂದಾನೆವ್ವ ಈಗ ಗಂಡ ಹೊಲಿದ ಬಟ್ಟೆಗೆ ಗುಂಡಿ, ಕಾಜ ಹಾಕುತ್ತಾಳೆ. ಗಾಯ ಮಾಯ್ದ ಮೇಲೆ ಅವನು ಬಲಗಾಲಿನಿಂದ ಮಷಿನ್ನು ತುಳಿಯುವುದನ್ನು ರೂಢಿಸಿಕೊಂಡ. ಎಡಗಾಲಿಗೆ ಸದಾ ಚಪ್ಪಲಿ. ಮಷಿನ್ನಿನ ಸಪ್ಪಳ ಮೊದಲಿನಷ್ಟು ಓಡುವುದಿಲ್ಲ, ಆದರೆ ನಿಲ್ಲುವುದೂ ಇಲ್ಲ. ನನ್ನದೊಂದು ಕಿವಿ ಕಳಚಿ ಬಿತ್ತು. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನನ್ನನ್ನು ನೆಲದಲ್ಲಿ ಊರಿ, ಕೋಳಿಗಳಿಗೆಂದು ನೀರು ತುಂಬಿದರು.

ಉರಿಯ ಮೇಲಿದ್ದಾಗ ಯಾರ ಮುಖವೂ ನನ್ನಲ್ಲಿ ಮೂಡುತ್ತಿರಲಿಲ್ಲ. ನನ್ನೊಳಗೆ ಬಿದ್ದದ್ದನ್ನು ಕೆಂಪಗೆ ಮಾಡುವುದಷ್ಟೇ ನನ್ನ ಕೆಲಸವಾಗಿತ್ತು. ಅದಕ್ಕೆ ಹೊರಗೆ ಯಾವ ಹೆಸರು ಕೊಡುತ್ತಾರೆ, ಯಾರ ಹೊಟ್ಟೆಗೆ ಹೋಗುತ್ತದೆ ಎಂದು ಎಣ್ಣೆಯೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ನೀರು ತುಂಬಿಕೊಂಡು ಕೂತ ಮೇಲೆ ಎದುರಿಗೆ ಬಂದದ್ದೆಲ್ಲ ನನ್ನಲ್ಲಿ ಕಾಣುತ್ತದೆ. ಮೋಡ, ಬೇವಿನ ಟೊಂಗೆ, ಕೋಳಿಯ ಕೊಕ್ಕು.

ದಿನಾ ಸಂಜೆ ಗವಿಸಿದ್ಧಪ್ಪ ಬಂದು ಕಲ್ಲಿನ ಮೇಲೆ ಕೂರುತ್ತಾನೆ. ಪಾದ ಎಲ್ಲಿಯೂ ಒಡೆದಿಲ್ಲವೇ, ಏನೂ ಚುಚ್ಚಿಲ್ಲವೇ ಎಂದು ನೋಡಿಕೊಳ್ಳಬೇಕು. ನೋವು ಅವನಿಗೆ ಹೇಳುವುದಿಲ್ಲ, ಕಣ್ಣೇ ಹೇಳಬೇಕು. ಬಗ್ಗಿ ಅಂಗಾಲು ನೋಡಲು ಸೊಂಟ ಬಿಡದು. ಅದಕ್ಕೇ ಚಪ್ಪಲಿ ಕಳಚಿ, ಕಾಲನ್ನು ನನ್ನ ಮೇಲೆ ಚಾಚಿ ಹಿಡಿಯುತ್ತಾನೆ. ನನ್ನ ಕಪ್ಪು ತಳದ ಮೇಲಿನ ನೀರಿನಲ್ಲಿ ಮೂರು ಬೆರಳಿನ ಅಂಗಾಲು ಮೂಡುತ್ತದೆ.

ನಿನ್ನೆ ಕೋಳಿ ಕುಡಿದು ಹೋದ ಕೂಡಲೇ ಬಂದಿದ್ದ. ಒಳಗಿನಿಂದ ಅಂದಾನೆವ್ವ ಕೇಳಿದಳು.

"ಏನರ ಕಾಣತೈತೇನ್ರಿ?"

"ತಡಿ. ನೀರು ಅಳ್ಳಾಡಾಕತ್ತೈತಿ."

ಅವನು ಕಾಲು ಎತ್ತಿ ಹಿಡಿದು ಕಾದ. ಬಾಗಿಲಲ್ಲಿ ಅವಳೂ ನಿಂತಳು, ಕೈಯಲ್ಲಿ ಹಚ್ಚದ ದೀಪ. ಸಣ್ಣ ಅಲೆಗಳು ನನ್ನ ಅಂಚಿಗೆ ಬಂದು ಬಂದು ಸುಮ್ಮನಾದವು. ಅವನು ಹಿಮ್ಮಡಿಯಿಂದ ಬೆರಳವರೆಗೆ ನಿಧಾನವಾಗಿ ನೋಡಿದ. ಮತ್ತೆ ಬೆರಳಿನಿಂದ ಹಿಮ್ಮಡಿಯವರೆಗೆ.

"ಏನೂ ಇಲ್ಲ," ಎಂದ. "ಹಚ್ಚು ದೀಪ."