ಹಳದಿ ಬೊಟ್ಟು

ಪೆಟ್ರೋಲಿನಲ್ಲಿ ಅದ್ದಿದ ಚಿಂದಿಯಿಂದ ಉಮ್ಮರ್, ತೀರಿಹೋದ ಚಿನ್ನಯ್ಯನ ಬಲಗೈಯ ಕಿರುಬೆರಳು ತಿಕ್ಕುತ್ತಿದ್ದ. ಉಗುರಿನ ಸಂದಿಯ ಹಳದಿ ಪೇಂಟು ಜಪ್ಪಯ್ಯ ಅಂದರೂ ಬಿಡಲಿಲ್ಲ. ಇಪ್ಪತ್ತಾರು ವರ್ಷ ಇಬ್ಬರೂ ಮಡಂತ್ಯಾರಿನ ಒಂದೇ ಗ್ಯಾರೇಜಿನಲ್ಲಿ ದುಡಿದವರು. ಗಾಡಿಗಳ ಸಸ್ಪೆನ್ಶನ್ ಬಿಚ್ಚಿ ಕಟ್ಟುವುದು ಚಿನ್ನಯ್ಯನ ಕೆಲಸ. ಬಿಗಿ ಮಾಡಿದ ಪ್ರತಿ ನಟ್ಟಿಗೂ ಆ ಬೆರಳಿನಿಂದ ಒಂದು ಹಳದಿ ಬೊಟ್ಟು ಇಡುತ್ತಿದ್ದ. ಬೊಟ್ಟಿಲ್ಲದಿದ್ದರೆ ಕೆಲಸ ಮುಗಿದಿಲ್ಲವೆಂದೇ ಲೆಕ್ಕ.

"ಸರಿ ತಿಕ್ಕು ಮಾರಾಯ, ಜನ ನೋಡ್ತಾರೆ," ಎಂದರು ಗ್ಯಾರೇಜಿನ ಧಣಿ ದೇವಿಪ್ರಸಾದ್. ಇಸ್ತ್ರಿ ಮುರಿಯದ ಬಿಳಿ ಪಂಚೆ, ಕೈಯಲ್ಲಿ ಎಳನೀರಿನ ಬೊಂಡ. ಅಂಗಳದಲ್ಲಿ ಕೂತವರ ಕಡೆ ತಿರುಗಿ ದನಿ ತಗ್ಗಿಸಿದರು, ಎಲ್ಲರಿಗೂ ಕೇಳುವಷ್ಟೇ ತಗ್ಗಿಸಿದರು. "ಒಳ್ಳೆ ಕೆಲಸಗಾರ. ಕೊನೆಗೊಮ್ಮೆ ಕೈ ತಪ್ಪಿತು. ಮುಂಡಾಜೆಯ ಜೀಪಿನ ಚಕ್ರ ಕಳಚಿ ಡ್ರೈವರನ ಕಾಲು ಮುರಿಯಿತಲ್ಲ, ಅದೇ ಕೊರಗು ಇವನಿಗೆ."

ಬಾಗಿಲಲ್ಲಿ ನಿಂತಿದ್ದ ಚಿನ್ನಯ್ಯನ ಹೆಂಡತಿ ಸರಸ ತಲೆ ತಗ್ಗಿಸಿದಳು. ಉಮ್ಮರ್ ಧಣಿಯ ಮುಖ ನೋಡಿದ. ಥೂ, ಹೆಣದ ಮೇಲೂ ಸುಳ್ಳು ಹೇರುವ ಜನ್ಮ. ಅದಕ್ಕಿಂತ ಹೇಸಿಗೆ ಅನಿಸಿದ್ದು ಚಿಂದಿ ಹಿಡಿದ ತನ್ನದೇ ಕೈ.

*

ಆ ದಿನ ಚಿನ್ನಯ್ಯ ಜೀಪಿನ ಕೆಲಸ ಅರ್ಧಕ್ಕೆ ಬಿಟ್ಟು ಊಟಕ್ಕೆ ಹೋಗಿದ್ದ. ಹೊಸ ಅಲೈನ್‌ಮೆಂಟ್ ಮೆಷಿನಿನ ಪರದೆ ಮಾತ್ರ ಚಕ್ರ ನೇರವಿದೆ ಎಂದು ಹಸಿರು ತೋರಿಸುತ್ತಿತ್ತು.

"ಹಸಿರು ಬಂತಲ್ಲ, ಬಿಡು. ಜೀಪಿನ ಪಾರ್ಟಿಗೆ ಅರ್ಜೆಂಟ್ ಉಂಟು," ಎಂದಿದ್ದರು ಧಣಿ.

ಉಮ್ಮರ್ ಬಗ್ಗಿ ನೋಡಿದ್ದ. ಎಡಚಕ್ರವನ್ನು ಹಿಡಿದಿಡುವ ಬಾಲ್ ಜಾಯಿಂಟಿನ ನಟ್ಟಿಗೆ ಬೊಟ್ಟಿರಲಿಲ್ಲ. ಆದರೂ ಜೀಪನ್ನು ಗೇಟು ದಾಟಿಸಿದವನು ಅವನೇ.

ಚಕ್ರ ಕಳಚಿದ ಸುದ್ದಿ ಬಂದ ಮರುದಿನ ಚಿನ್ನಯ್ಯ ಧಣಿಯ ಎದುರೇ ಕೇಳಿದ. "ಉಮ್ಮರ್, ನೀನು ಹಳದಿ ನೋಡಿದ್ಯಾ?"

"ನೆನಪಿಲ್ಲ."

ಚಿನ್ನಯ್ಯ ಎರಡನೇ ಸಲ ಕೇಳಲಿಲ್ಲ. ವಾರ ತುಂಬುವ ಮೊದಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ.

*

ಉಮ್ಮರ್ ಚಿಂದಿಯನ್ನು ಧಣಿಯ ಕಾಲ ಬುಡಕ್ಕೆ ಬಿಸಾಡಿದ.

"ಆ ನಟ್ಟಿಗೆ ಹಳದಿ ಇರ್ಲಿಲ್ಲ. ಚಿನ್ನಯ್ಯ ಕೆಲಸ ಮುಗಿಸಿರ್ಲಿಲ್ಲ. ಬಿಡು ಅಂದದ್ದು ಇವರು. ಬಿಟ್ಟದ್ದು ನಾನು."

"ದುಃಖದಲ್ಲಿ ಏನೇನೋ ಹೇಳ್ತಾನೆ," ಎಂದು ದೇವಿಪ್ರಸಾದ್ ಬೊಂಡದ ಸ್ಟ್ರಾ ಬಾಯಿಗಿಟ್ಟರು. ಅಂಗಳದಲ್ಲಿ ಯಾರೂ ತಲೆಯಾಡಿಸಲಿಲ್ಲ.

ಸರಸ ಹತ್ತಿರ ಬಂದಳು. "ಇವರು ಇರುವಾಗ ಹೇಳ್ಬಹುದಿತ್ತಲ್ಲ, ಉಮ್ಮರಣ್ಣ."

ಸ್ನಾನ ಮಾಡಿಸಿ, ಬಿಳಿ ಬಟ್ಟೆ ಹೊದಿಸಿ, ಚಟ್ಟ ಎತ್ತುವ ಹೊತ್ತಿಗೆ ಉಮ್ಮರ್ ಹೆಗಲು ಕೊಡಲು ಮುಂದೆ ಬಂದ.

"ನೀವು ಬೇಡ," ಎಂದಳು ಸರಸ. "ನಿಮ್ಮ ಕೈಯಲ್ಲಿ ಪೆಟ್ರೋಲ್ ವಾಸನೆ ಉಂಟು."

ಆಮೇಲೆ ಬಟ್ಟೆಯೊಳಗಿದ್ದ ಗಂಡನ ಬಲಗೈಯನ್ನು ಹೊರಗೆ ತೆಗೆದು ಎದೆಯ ಮೇಲಿಟ್ಟಳು. ನಾಲ್ವರು ಹೊತ್ತು ನಡೆದರು. ಉಮ್ಮರ್ ಅಂಗಳದಲ್ಲೇ ಉಳಿದ. ಬೇಲಿಯ ದಣಪೆ ದಾಟುವವರೆಗೂ ಬಿಳಿ ಬಟ್ಟೆಯ ಮೇಲೆ ಆ ಕಿರುಬೆರಳ ಹಳದಿ ಅವನಿಗೆ ಕಾಣುತ್ತಿತ್ತು.