ಕಾಫಿ ಕೆಂಪಾದಾಗ ಬರುವ ಮಕ್ಕಳು

ಸರ್ವ ಶಿಕ್ಷಣ ಅಭಿಯಾನ ಶುರುವಾದ ಹೊಸದರಲ್ಲಿ ಭಾಗೀರಥಿ ಬಣಕಲ್ಲಿನ ಒಳಭಾಗದ ಒಂದು ಸರ್ಕಾರಿ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಂದಳು. ಸುತ್ತ ಎಸ್ಟೇಟು, ನಡುವೆ ಶಾಲೆ. ಮಳೆಗಾಲದುದ್ದಕ್ಕೂ ಅರ್ಧ ಬೆಂಚು ಖಾಲಿ. ಕಾಫಿ ಕಾಯಿ ಕೆಂಪಾಗುತ್ತಿದ್ದಂತೆ ಒಂದು ಬೆಳಿಗ್ಗೆ ಮಂಜಿನೊಳಗಿಂದ ಮಕ್ಕಳು ಮೂಡಿ ಬರುತ್ತಿದ್ದರು. ಮೊದಲು ಮಾತು ಕೇಳಿಸುವುದು, ಆಮೇಲೆ ತಲೆಗೆ ಸುತ್ತಿದ ಟವೆಲ್ಲು ಕಾಣುವುದು, ಕೊನೆಗೆ ಮುಖ. ಹಣ್ಣು ಕುಯ್ಯಲು ಚಿತ್ರದುರ್ಗ, ಬಳ್ಳಾರಿ ಕಡೆಯಿಂದ ಲಾರಿಯಲ್ಲಿ ಬಂದವರ ಮಕ್ಕಳು. ಕುಯ್ಲು ಮುಗಿದು ಗಿಡಗಳು ಹೂವರಳಿಸುವ ಮೊದಲ ಮಳೆಗೆ ಕಾಯುವ ಹೊತ್ತಿಗೆ ಅವರು ಸದ್ದಿಲ್ಲದೆ ಮಾಯವಾಗುತ್ತಿದ್ದರು. ನಿಜಕ್ಕೂ ಬಂದಿದ್ದರೋ, ತಾನೇ ಕನಸು ಕಂಡೆನೋ ಎಂದು ಅವಳಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು.

ದೆಹಲಿಯ ಪಾಲಿಗಂತೂ ಆ ಮಕ್ಕಳು ಇರಲೇ ಇಲ್ಲ. ಶಾಲೆಗೆ ಸಿಗುವ ಅನುದಾನ, ಪುಸ್ತಕ, ಅಕ್ಕಿ ಎಲ್ಲವೂ ಸೆಪ್ಟೆಂಬರಿನ ತಲೆಯೆಣಿಕೆಯ ಮೇಲೆ. ಸೆಪ್ಟೆಂಬರಿನಲ್ಲಿ ಕಾಫಿ ಇನ್ನೂ ಹಸಿರು.

ಆ ಮಕ್ಕಳಲ್ಲಿ ತಿಮ್ಮಮ್ಮ ಎಂಬವಳೊಬ್ಬಳಿದ್ದಳು. ಅಜ್ಜಿಯ ಹೆಸರು ಹೊತ್ತ ಪುಟ್ಟ ಹುಡುಗಿ. ಪಕ್ಕದವಳ ಪುಸ್ತಕಕ್ಕೆ ಇಣುಕಿ ಓದುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಭಾಗೀರಥಿಯ ಹತ್ತಿರ ಬಂದು, "ಮಿಸ್, ಆನೆಮರಿ ಹೊಳಿಯಾಗೆ ಯಾಕೆ ನಿಂತೈತೆ?" ಎಂದು ಕೇಳಿದಳು. ಅವಳು ಶಾಲೆಗೆ ಬಂದ ದಿನ ತರಗತಿಯಲ್ಲಿ ನಡೆಯುತ್ತಿದ್ದ ಪಾಠದಲ್ಲಿ ಆನೆಮರಿ ಆಗಲೇ ನಡುಹೊಳೆಯಲ್ಲಿತ್ತು. ಹೋದ ವರ್ಷವೂ ಹೀಗೆಯೇ ಆಗಿತ್ತಂತೆ. ಊರಿನ ಶಾಲೆಯಲ್ಲೂ ಅವಳು ವಾಪಸು ಹೋಗುವ ಹೊತ್ತಿಗೆ ಪಾಠಗಳೆಲ್ಲ ಮುಗಿದು ಪರೀಕ್ಷೆ. ಆ ಹುಡುಗಿಗೆ ಕಥೆಗಳ ನಡುಭಾಗ ಮಾತ್ರ ಗೊತ್ತಿತ್ತು.

ತಾಲ್ಲೂಕಿನ ಮುಖ್ಯೋಪಾಧ್ಯಾಯರ ಸಂಘದ ಮುಂದಿನ ಸಭೆ ಮೂಡಿಗೆರೆಯಲ್ಲಿ ನಡೆಯಿತು. ಕಾಫಿ ಸೀಮೆಯ ಶಾಲೆಗಳಿಗೆ ಜನವರಿಯಲ್ಲಿ ಎರಡನೇ ಎಣಿಕೆ ಆಗಬೇಕು, ಸಂಘ ಅದನ್ನು ಕೇಳಬೇಕು ಎಂದು ಭಾಗೀರಥಿ ಹಟ ಹಿಡಿದಳು. ಕಾರ್ಯದರ್ಶಿ ಸೋಮಶೇಖರಪ್ಪನವರು ನಿವೃತ್ತಿಯ ಅಂಚಿನಲ್ಲಿದ್ದವರು, ಒಳ್ಳೆಯವರು, ಆದರೆ ಯಾರನ್ನೂ ಕೆಣಕದವರು.

"ದೆಹಲಿಯವ್ರು ಅಂಕಿ ನೋಡಿ ಕೊಡೋರು ಮೇಡಂ, ಮಕ್ಕಳ ಮುಖ ನೋಡಿ ಅಲ್ಲ" ಎಂದರು.

"ಹಾಗಾದ್ರೆ ಮುಖಾನೇ ತೋರ್ಸೋಣ ಸಾರ್."

ಕುಯ್ಲು ಇನ್ನೂ ನಡೆದಿರುವಾಗಲೇ ಚಿಕ್ಕಮಗಳೂರಿಗೆ ದೆಹಲಿಯಿಂದ ಪರಿಶೀಲನಾ ತಂಡ ಬಂದಾಗ ಸಂಘದ ಪರವಾಗಿ ಅವಳೇ ಎದ್ದು ನಿಂತಳು. ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಮಾತುಗಳು ಒಂದೂ ನೆನಪಿಗೆ ಬರಲಿಲ್ಲ. ಸಭಾಂಗಣದ ತುಂಬ ಮಂಜು ಇಳಿದಂತಾಯಿತು, ಆ ಮಂಜಿನಲ್ಲಿ ಟವೆಲ್ಲು ಸುತ್ತಿದ ತಲೆಗಳು ತೇಲಿದವು. ಅವಳು ಕನ್ನಡದಲ್ಲೇ ಮಾತಾಡಿದಳು, ಯಾವುದೋ ದೂರದ ಊರಿನ ಸುದ್ದಿ ಹೇಳುವ ಹಾಗೆ ಮೆಲ್ಲಗೆ. ಕೂತ ಮೇಲೆ ಏನು ಹೇಳಿದೆನೆಂದು ಅವಳಿಗೇ ಗೊತ್ತಿರಲಿಲ್ಲ. ಮಫ್ಲರ್ ಸುತ್ತಿಕೊಂಡಿದ್ದ ಹಿರಿಯ ಅಧಿಕಾರಿಯೊಬ್ಬರು ಜಿಲ್ಲಾ ಕಚೇರಿಯವರಿಂದ ಎಲ್ಲವನ್ನೂ ಎರಡು ಸಲ ಕೇಳಿ ತಿಳಿದುಕೊಂಡರು. ಮರುದಿನ ಶಾಲೆಗೇ ಬರುವುದಾಗಿ ಹೇಳಿ ಕಳಿಸಿದರು.

ಮರುದಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಜೀಪು ಅಂಗಳಕ್ಕೆ ಬಂದರೂ ಕಾಣಲಿಲ್ಲ. ಅಧಿಕಾರಿ ಇಳಿದು ಸುಮ್ಮನೆ ನಿಂತರು. ಎಸ್ಟೇಟಿನ ಕಣದಲ್ಲಿ ಒಣಗುತ್ತಿದ್ದ ಹಣ್ಣಿನ ಹುಳಿಸಿಹಿ ವಾಸನೆ ಗಾಳಿಯಲ್ಲಿತ್ತು. ಬಿಳುಪಿನೊಳಗಿಂದ ಮಕ್ಕಳು ಒಬ್ಬೊಬ್ಬರಾಗಿ ಮೂಡಿ, ಅವರನ್ನು ದಾಟಿ ಒಳಗೆ ಹೋದರು. ಅವರು ಮಫ್ಲರ್ ಸಡಿಲಿಸಿ ನೋಡುತ್ತಲೇ ಇದ್ದರು.

ತರಗತಿಯಲ್ಲಿ ಅವರು ತಿಮ್ಮಮ್ಮನಿಗೆ ಪಾಠ ಓದಲು ಹೇಳಿಸಿದರು. ಅವಳು ಎದ್ದು ನಿಂತಳು, ಪಕ್ಕದವಳು ಚಾಚಿದ ಪುಸ್ತಕ ಮಾತ್ರ ತೆಗೆದುಕೊಳ್ಳಲಿಲ್ಲ. ತನ್ನದೇ ಒಂದು ಶುರು ಕಟ್ಟಿದಳು: ಆನೆಮರಿಯ ಅವ್ವ ಆಚೆ ದಡಕ್ಕೆ ಕುಯ್ಲಿಗೆ ಹೋಗಿದ್ದಳು, ಮರಿ ಹುಡುಕಿಕೊಂಡು ನೀರಿಗಿಳಿಯಿತು. ನಡುಭಾಗ ಪುಸ್ತಕದ್ದೇ. ಆಮೇಲೆ ಹೊಳೆ ತಾನೇ ನಿಂತು ದಾರಿ ಬಿಟ್ಟಿತಂತೆ. ಜಿಲ್ಲಾ ಕಚೇರಿಯವರು ಅದನ್ನೆಲ್ಲ ಅಧಿಕಾರಿಗೆ ಹಿಂದಿಯಲ್ಲಿ ಹೇಳಿದರು. ಹೊರಡುವಾಗ ಭಾಗೀರಥಿಗೆ ಕೈಮುಗಿದು, ದೇಶದ ನಿಯಮ ಬದಲಿಸುವುದು ತನ್ನ ಕೈಲಿಲ್ಲ, ಜಿಲ್ಲೆಯ ಯೋಜನೆಯಲ್ಲಿ ಜಾಗ ಮಾಡಿಸಬಲ್ಲೆ ಎಂದರು.

ಮಾಡಿಸಿದರು. ಮುಂದಿನ ಕುಯ್ಲಿಗೆ ಮೊದಲೇ ಪುಸ್ತಕದ ಕಟ್ಟುಗಳು ಬಂದವು, ಅಕ್ಕಿಯೂ ಹೆಚ್ಚು ಬಂತು, ಜನವರಿಯಲ್ಲಿ ಎಣಿಕೆಗೆ ಆದೇಶವೂ ಆಯಿತು. ಮಕ್ಕಳು ಬಂದರು. ತಿಮ್ಮಮ್ಮ ಬರಲಿಲ್ಲ. ಅವಳ ಅಪ್ಪ ಅವ್ವ ಈ ಸಲ ಮಂಡ್ಯದ ಕಡೆ ಕಬ್ಬಿಗೆ ಹೋದರೆಂದು ಕೂಲಿಯವರನ್ನು ಕರೆತರುವ ಮೇಸ್ತ್ರಿ ಹೇಳಿದ. ಭಾಗೀರಥಿ ಆ ದಿನವೆಲ್ಲ ಪಾಠ ಮಾಡಿದಳು, ಬಿಸಿಯೂಟ ಬಡಿಸಿದಳು. ಸಂಜೆ ಖಾಲಿ ತರಗತಿಯಲ್ಲಿ ಕೂತು ಹೊಸ ಪುಸ್ತಕದಲ್ಲಿ ಆನೆಮರಿಯ ಪಾಠ ತೆರೆದಳು. ಮಂಡ್ಯದ ಶಾಲೆಯಲ್ಲಿ ಅವಳನ್ನು ಎಣಿಸುವವರು ಯಾರು?

ಮರುವಾರ ಅವಳು ಸೋಮಶೇಖರಪ್ಪನವರ ಮನೆಗೆ ಹೋದಳು. ಮಗು ಎಲ್ಲಿಗೆ ಹೋದರೂ ಅದರ ದಾಖಲಾತಿ, ಪುಸ್ತಕ, ಊಟ ಜೊತೆಗೇ ಹೋಗಬೇಕು, ಇದನ್ನು ಬೆಂಗಳೂರಿನಲ್ಲೇ ಕೇಳಬೇಕು ಎಂದಳು. ಅವರು ಕಾಫಿ ಲೋಟ ಕೆಳಗಿಟ್ಟರು.

"ನಂಗೆ ಇನ್ನು ಮೂರೇ ತಿಂಗ್ಳು ಸರ್ವಿಸು. ಹೆದರೋಕೆ ಏನಿದೆ ಹೇಳಿ, ಹೋಗೋಣ" ಎಂದರು.

ಬೆಂಗಳೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತಾಡಿದವರು ಅವರೇ. ಯಾರನ್ನು ಕಾಣಬೇಕು, ಯಾವ ಜಿಲ್ಲೆಯ ಸಂಘದವರನ್ನು ಸೇರಿಸಿಕೊಳ್ಳಬೇಕು ಎಂದೆಲ್ಲ. ಭಾಗೀರಥಿ ಕಿಟಕಿಗೆ ಒರಗಿ ಕೇಳುತ್ತ ಕೇಳುತ್ತ ನಿದ್ದೆಹೋದಳು.